ಹೂ ಕೇಳಿದ ವಿಜ್ಞಾನದ ಮೇಷ್ಟ್ರು

ನಮ್ಮ ಸೋದರಮಾವನ ಕೈಗೆ ಸಿಕ್ಕಿ ಪರೀಕ್ಷೆ ಬರೆಯದ ದೇವರು ಪಾಂಡವಪುರ ತಾಲ್ಲೂಕಿನಲ್ಲಿ ಒಂದೂ ಇಲ್ಲ! ದೇವರನ್ನು ನಂಬದವರು ಎಲ್ಲ ಊರಲ್ಲೂ ಇರುತ್ತಾರೆ. ಅವರು ದೇವಸ್ಥಾನಕ್ಕೆ ಹೋಗುವುದಿಲ್ಲ, ಅಲ್ಲಿಗೆ ಮುಗಿಯಿತು. ಮಾವನದು ಅಷ್ಟು ಸುಲಭದ ನಾಸ್ತಿಕತನವಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದರು. ಮಾರ್ಕ್ಸ್ ಕೊಡುವ ಚಟ ಮಾತ್ರ ನಿವೃತ್ತವಾಗಲಿಲ್ಲ. ಮಕ್ಕಳು ಸಿಗದ ಮೇಲೆ ಚಿನಕುರಳಿ ಪಕ್ಕದ ತಮ್ಮೂರಿನ ದೇವರುಗಳಿಗೇ ಮಾರ್ಕ್ಸ್ ಕೊಡತೊಡಗಿದರು.

ಮೊದಲ ಪ್ರಯೋಗ ನಡೆದದ್ದು ಅಡುಗೆಮನೆಯಲ್ಲಿ. ಗ್ರಹಣ ಹಿಡಿಯುವ ಮುಂಚೆ ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಕೆಡದಿರಲಿ ಎಂದು ಹಾಲು ಮೊಸರಿಗೆಲ್ಲ ಗರಿಕೆ ಹಾಕುತ್ತಾರೆ. ಮಾವ ಮೊಸರನ್ನು ಎರಡು ಪಾತ್ರೆಗೆ ಸುರಿದು, ಒಂದಕ್ಕೆ ಗರಿಕೆ ಹಾಕಿಸಿ, ಇನ್ನೊಂದನ್ನು ಹಾಗೇ ಬಿಟ್ಟರು. ಗ್ರಹಣ ಬಿಟ್ಟ ಮೇಲೆ ನೋಡಿದರೆ ಎರಡೂ ಒಂದೇ ಸಮ ಚೆನ್ನಾಗಿವೆ! ಮಾವ ಮೀಸೆ ತಿರುವಿ, "ಏನಂತೀಯ ಈಗ?" ಎಂದರು.

ಅತ್ತೆ ಶಾಂತವಾಗಿ ಹೇಳಿದರು: "ನೋಡುದ್ರಾ? ನಾನು ಒಂದ್ಕಾದ್ರೂ ಗರಿಕೆ ಆಕಿದ್ದಕ್ಕೆ ಎರ್ಡೂ ಉಳ್ಕಂಡೊ!"

ಮಾವ ಅವತ್ತು ಮೊಸರನ್ನ ಮುಟ್ಟಲಿಲ್ಲ.

ಇನ್ನೊಮ್ಮೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್‌ಗೆ ಜಾಗ ತೋರಿಸುವವನೊಬ್ಬ ಊರಿಗೆ ಬಂದ. ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ನೀರಂತೆ! ಮಾವ ಅವನ ಕಣ್ಣಿಗೆ ಟವಲ್ ಕಟ್ಟಿ ಹಿತ್ತಲಲ್ಲೆಲ್ಲ ಸುತ್ತಾಡಿಸಿದರು. ಕಾಯಿ ಸೆಟೆದು ನಿಂತದ್ದು ಕಕ್ಕಸಿನ ಗುಂಡಿಯ ಮೇಲೆ! ಊರೇ ಬಿದ್ದು ಬಿದ್ದು ನಕ್ಕಿತು. ಅವನು ಟವಲ್ ಬಿಚ್ಚಿ, "ಮೇಷ್ಟ್ರೇ, ನೀರದೆ ಅಂದೆ. ಎಂತಾ ನೀರು ಅಂತ ಏನಾರ ಅಂದ್ನಾ?" ಎಂದ. ಮಾವ ಅವನಿಗೆ ಕಾಫಿ ಕುಡಿಸಿ ಕಳಿಸಿದರು.

ಆದರೆ ಮಾವನ ಮಹಾಪ್ರಬಂಧವೆಂದರೆ ಹೂವಿನದು. ನಮ್ಮ ಕಡೆ ಮದುವೆಯಾಗಲಿ, ಮನೆ ಕಟ್ಟುವುದಾಗಲಿ, ಊರಮ್ಮನನ್ನು ಹೂ ಕೇಳದೆ ಯಾರೂ ಕೈಹಾಕುವುದಿಲ್ಲ. ಪೂಜಾರಪ್ಪ ಒದ್ದೆ ಕಣಗಿಲೆ ಹೂಗಳನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಮೊದಲು ಬಲಗಡೆಯದು ಬಿದ್ದರೆ 'ಆಗಲಿ', ಎಡಗಡೆಯದು ಬಿದ್ದರೆ 'ಬೇಡ'. ಮಾವ ಹತ್ತು ವರ್ಷದಿಂದ ಮಂಗಳವಾರ, ಶುಕ್ರವಾರ ತಪ್ಪದೆ ಗುಡಿಯ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದಾರೆ. ಹೂ ಎಷ್ಟು ಒದ್ದೆ, ದೀಪ ಎಷ್ಟು ದೂರ, ಬಿದ್ದದ್ದು ಯಾವ ಕಡೆ, ಕಾರಣ ಏನು, ಎಲ್ಲಕ್ಕೂ ಗೆರೆ ಹಾಕಿದ ಕಾಲಂ! ಮೊದಲ ಪುಟದಲ್ಲೇ ಚಿತ್ರ ಬರೆದು, 'ಎಚ್ಚರಿಕೆ: ಅಮ್ಮನ ಬಲವೆಂದರೆ ಎದುರು ನಿಂತ ನಮ್ಮ ಎಡ' ಎಂದು ಕೆಂಪು ಇಂಕಿನಲ್ಲಿ ಬರೆದುಕೊಂಡಿದ್ದಾರೆ. ಕೊನೆಗೆ ಹೊರಬಿದ್ದ ಸಿದ್ಧಾಂತ ಇಷ್ಟೇ: ದೀಪ ಯಾವ ಕಡೆಗೆ ಹತ್ತಿರವೋ ಆ ಕಡೆಯ ಹೂವು ಬೇಗ ಒಣಗಿ ಬೀಳುತ್ತದೆ. ಅಮ್ಮನ ಪಾತ್ರ ಸೊನ್ನೆ!

ಇದನ್ನು ಕೇಳಿ ಪೂಜಾರಪ್ಪ, "ಅದೆಲ್ಲ ಇರ್ಲಿ ಮೇಷ್ಟ್ರೇ, ನಿಮ್ಮಂಗೆ ತಪ್ದೆ ಬರೋ ಭಕ್ತ್ರು ಈ ಊರಲ್ಲಿ ಇನ್ನೊಬ್ರಿಲ್ಲ ಕಣಿ" ಎಂದ.

ಹೋದ ವರ್ಷ ಅತ್ತೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತು. ಹೃದಯದ ಕವಾಟ ಕೆಟ್ಟಿದೆ, ಬೇಗ ಆಪರೇಷನ್ ಆಗಬೇಕು, ತಡ ಮಾಡಿದರೆ ಜೀವಕ್ಕೇ ಅಪಾಯ ಎಂದರು ಮೈಸೂರಿನ ಡಾಕ್ಟರು. ಅತ್ತೆ ಜಪ್ಪಯ್ಯ ಅನ್ನಲಿಲ್ಲ. "ಡಾಕ್ಟ್ರು ಏಳಿದ್ದಾಯ್ತು. ಅಮ್ಮನ್ನ ಕೇಳ್ಬುಡ್ತೀನಿ. ಬಲಗಡೆ ಕೊಟ್ರೆ ಕುಯ್ಸ್ಕತೀನಿ. ಎಡಗಡೆ ಕೊಟ್ರೆ ನನ್ನ ಪಾಡಿಗೆ ಬುಟ್ಬುಡಿ." ಮಾವ ಬೈದರು, ಹೃದಯದ ಚಿತ್ರ ಬರೆದು ಪಾಠ ಮಾಡಿದರು. ಊಹೂಂ!

ಕೊನೆಗೆ ಮಾವ, "ಆಯ್ತು, ಕೇಳ್ಬುಡು" ಎಂದರು. ನಾನು ಕೆ.ಆರ್. ಪೇಟೆಯಿಂದ ಕಾರು ತಂದಿದ್ದೆ. ದಾರಿಯಲ್ಲಿ ಮಾವ ನನ್ನ ಕಿವಿಯಲ್ಲಿ, "ಎದುರ್ಕಬೇಡ ಕಣ್ಲಾ. ಹತ್ತು ವರ್ಷದ ಪ್ರಯೋಗ ಇವತ್ತು ಕೆಲ್ಸಕ್ಕೆ ಬತ್ತದೆ" ಎಂದರು. ಗುಡಿಗೆ ಹೋದವರೇ ಹರಕೆಯ ನೆಪ ಹೇಳಿ, ದೊಡ್ಡದೊಂದು ತುಪ್ಪದ ದೀಪವನ್ನು ತಮ್ಮ ಕೈಯಾರೆ ಅಮ್ಮನ ಪಕ್ಕದಲ್ಲಿ ಹಚ್ಚಿಟ್ಟು ಬಂದರು. ಪೂಜಾರಪ್ಪ ಹೂ ಅಂಟಿಸಿದ. ಇನ್ನು ಹೂ ಬೀಳುವ ತನಕ ಯಾರೂ ಒಳಗೆ ಕಾಲಿಡುವಂತಿಲ್ಲ, ದೀಪ ಮುಟ್ಟುವಂತಿಲ್ಲ. ಅತ್ತೆ ಕಣ್ಣುಮುಚ್ಚಿ ಕೂತರು.

ಆಗ ಮಾವ ತಟ್ಟನೆ ನೋಟ್‌ಬುಕ್ಕಿನ ಮೊದಲ ಪುಟ ತಿರುವಿ ನೋಡಿದರು. ನನ್ನ ತೋಳು ಹಿಡಿದು ಪಿಸುಗುಟ್ಟಿದರು:

"ಲೇ, ಕೆಟ್ಟೆ ಕಣ್ಲಾ! ಗಾಬ್ರಿಲಿ ನನ್ ಬಲಕ್ಕೆ ಇಟ್ಬುಟ್ಟೆ. ಅದು ಅಮ್ಮನ ಎಡ!"

ಹತ್ತು ವರ್ಷ ಒಂದು ಸಲವೂ ತಪ್ಪದವರು, ಹೆಂಡತಿಯ ಜೀವದ ವಿಷಯ ಬಂದಾಗ ತಪ್ಪಿದ್ದರು. ಸಿದ್ಧಾಂತ ಸರಿಯಿದ್ದರೆ ಈಗ ಬೀಳುವುದು ಎಡಗಡೆಯ ಹೂವೇ. "ನಿಮ್ಮ ಸಿದ್ಧಾಂತವೇ ತಪ್ಪಿರಬೋದಲ್ವಾ ಮಾವ?" ಎಂದೆ.

"ತಪ್ಪಾಗ್ಲಿ ಅಂತಾನೇ ಕೇಳ್ಕತಾ ಇವ್ನಿ ಕಣ್ಲಾ."

"ಯಾರ್ನ?"

ಮಾವ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಅಮ್ಮನ ಕಡೆ ತಿರುಗಿದರು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ದೀಪದ ಬಿಸಿಗೆ ಎಡಗಡೆಯ ಹೂವು ಬಾಡಿ ಸುರುಟಿಕೊಂಡಿತು, ಆದರೆ ಕಲ್ಲಿಗೆ ಕಚ್ಚಿಕೊಂಡೇ ಇತ್ತು. ನೋಡನೋಡುತ್ತಿದ್ದ ಹಾಗೆ ನೀರು ತೊಟ್ಟಿಕ್ಕುತ್ತಿದ್ದ ಬಲಗಡೆಯ ಕಣಗಿಲೆ ಜಾರಿ ಅಮ್ಮನ ಪಾದಕ್ಕೆ ಬಿತ್ತು! ಪೂಜಾರಪ್ಪ ಗಂಟೆ ಬಾರಿಸಿದ. ಅತ್ತೆ ಕಣ್ಣೊರೆಸಿಕೊಂಡು, "ನಡೀರಿ, ಮೈಸೂರ್ಗೆ ಓಗ್ಮ" ಎಂದು ಎದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಅತ್ತೆ ಈಗ ಮಾವನಿಗಿಂತ ಜೋರಾಗಿ ನಡೆಯುತ್ತಾರೆ. ಕವಾಟ ಸರಿಮಾಡಿದ್ದು ಡಾಕ್ಟರು ಎನ್ನುತ್ತಾರೆ ಮಾವ. ಡಾಕ್ಟರ ಕೈ ಹಿಡಿದದ್ದು ಅಮ್ಮ ಎನ್ನುತ್ತಾರೆ ಅತ್ತೆ. ಈ ಜಗಳ ಕೇಳಲೆಂದೇ ನಾನು ಆಗಾಗ ಹೋಗುತ್ತೇನೆ, ಕೇಳಿದಾಗಲೆಲ್ಲ ನನಗೆ ಹೊಟ್ಟೆ ತಂಪಾಗುತ್ತದೆ. ಮೊನ್ನೆ ಹೋದಾಗ ಮಾವ ಸ್ನಾನಕ್ಕೆ ಹೋಗಿದ್ದರು, ನೋಟ್‌ಬುಕ್ ಮೇಜಿನ ಮೇಲಿತ್ತು. ಆ ದಿನದ ಪುಟ ತೆಗೆದು ನೋಡಿದೆ. ದೀಪ: ಎಡಕ್ಕೆ ಹತ್ತಿರ. ಬಿದ್ದದ್ದು: ಬಲ. ಕಾರಣದ ಕಾಲಮಿನಲ್ಲಿ, ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ ಅದೇ ಕೆಂಪು ಇಂಕಿನಲ್ಲಿ, ಬರೆದಿತ್ತು:

'ಸಿದ್ಧಾಂತ ತಪ್ಪು. ತುಂಬಾ ಸಂತೋಷ.'