ಲಿಫ್ಟ್ ನಿಂತ ಮೇಲೆ ನಾನು ಇಳಿದ ಕತೆ

ನಾನು ಯಾವ ಆಫೀಸಿಗೆ ಸೇರಿದರೂ ತಿಂಗಳೊಳಗೆ ಅಲ್ಲಿ ಬೆಂಕಿಯ ಅಲಾರಂ ಹೊಡೆದುಕೊಳ್ಳುತ್ತದೆ. ಬೆಂಕಿ ಇರುವುದಿಲ್ಲ. ಯಾರೋ ಮೈಕ್ರೋವೇವ್‌ನಲ್ಲಿ ಪಾಪ್‌ಕಾರ್ನ್ ಸೀಯಿಸಿರುತ್ತಾರೆ, ಇಲ್ಲವೇ ಅದು ಬರೀ ಡ್ರಿಲ್, ಬೆಂಕಿ ಬಿದ್ದಂತೆ ಎಲ್ಲರನ್ನೂ ಇಳಿಸಿ ನೋಡುವ ಅಭ್ಯಾಸ. ಅಲಾರಂ ಹೊಡೆದ ಕೂಡಲೇ ಲಿಫ್ಟ್ ನಿಲ್ಲುತ್ತದೆ. ಲಿಫ್ಟ್ ನಿಂತಾಗ ಇಡೀ ಕಟ್ಟಡಕ್ಕೆ ನನ್ನ ನೆನಪಾಗುತ್ತದೆ, ಅದೂ ಎಲ್ಲರೂ ಕೆಳಗೆ ತಲುಪಿದ ಮೇಲೆ.

ನನ್ನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿತ್ತು. ಕಾಲಿಗೆ ಆಸರೆಯ ಕಬ್ಬಿಣದ ಪಟ್ಟಿ, ಕ್ಯಾಲಿಪರ್; ಕೈಯಲ್ಲಿ ಕೋಲು. ಸಪಾಟು ನೆಲದ ಮೇಲೆ ನನಗಾಗಿ ಯಾರೂ ಕಾಯಬೇಕಿಲ್ಲ. ಮೆಟ್ಟಿಲನ್ನೂ ಇಳಿಯುತ್ತೇನೆ, ಆದರೆ ನನ್ನ ವೇಗದಲ್ಲಿ. ನಮ್ಮೂರು ಗದಗಿನಲ್ಲಿ ನನ್ನನ್ನು ಎತ್ತಿಕೊಂಡು ಓಡಾಡಿದವರು ಬಹಳ ಜನ. ಒಬ್ಬರೂ ಒಂದು ಮಾತು ಅನ್ನದೆ ಕೆಳಗಿಳಿಸಲಿಲ್ಲ. "ಭಾಳ ಭಾರ ಆಗ್ಯಾಳ ನೋಡ್ರಿ." "ಮುಂದ ಇಕೀನ್ನ ಯಾರು ಹೊರತಾರ?" ಕ್ಯಾಲಿಪರ್ ಹಾಕಿದ ದಿನವೇ ಮನೆಮಂದಿಗೆಲ್ಲ ಹೇಳಿಬಿಟ್ಟೆ: ಇನ್ನು ಮೇಲೆ ನನ್ನನ್ನು ಯಾರೂ ಎತ್ತಬಾರದು. ಮನೆಯಲ್ಲೇ ಓದಿಕೊಂಡು, ಹೊರಗಿನಿಂದ ಪರೀಕ್ಷೆ ಕಟ್ಟಿ ಡಿಗ್ರಿ ಮಾಡಿದೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತು ಅಮೆರಿಕಕ್ಕೆ ಬಂದೆ. ಆ ಹಟವೂ ನನ್ನ ಜೊತೆಗೇ ವಿಮಾನ ಹತ್ತಿತ್ತು.

ಗುಂಡಿ ಒತ್ತಿ, ಕಾಯಿರಿ

ಮೊದಲ ಕೆಲಸ ಅಟ್ಲಾಂಟಾದಲ್ಲಿ, ಒಂಬತ್ತನೇ ಮಹಡಿ. ಒಂದು ಮಧ್ಯಾಹ್ನ ಅಲಾರಂ ಹೊಡೆಯಿತು. ನಾನು ಕೋಲು ಹುಡುಕಿ ಎದ್ದು ನಿಲ್ಲುವಷ್ಟರಲ್ಲಿ ಇಡೀ ಮಹಡಿ ಖಾಲಿ. ಒಬ್ಬಳ ಸ್ಯಾಂಡ್‌ವಿಚ್ ಅರ್ಧ ಕಚ್ಚಿದ ಹಾಗೇ ಮೇಜಿನ ಮೇಲಿತ್ತು.

ಮೆಟ್ಟಿಲ ಬಳಿ ಗೋಡೆಯ ಮೇಲೆ ಒಂದು ಫಲಕ: ಇಳಿಯಲಾಗದವರು ಇಲ್ಲೇ ನಿಂತು, ಗುಂಡಿ ಒತ್ತಿ, ಸಹಾಯಕ್ಕೆ ಕಾಯಬೇಕು. ಇಂಥವರಿಗಾಗಿಯೇ ಬಾಗಿಲು, ಗೋಡೆ ಎಲ್ಲವನ್ನೂ ಬೆಂಕಿ ತಡೆಯುವಂತೆ ಕಟ್ಟಿದ್ದಾರಂತೆ. ನನಗೆ ಅಭಿಮಾನ ಉಕ್ಕಿತು. ಎಂಥ ದೇಶ, ನನ್ನಂಥವಳಿಗೂ ಒಂದು ಜಾಗ ಮಾಡಿ, ಒಂದು ಗುಂಡಿ ಇಟ್ಟಿದ್ದಾರೆ ಅಂದುಕೊಂಡು ಒತ್ತಿದೆ.

ಕೆಳಗಿನ ಸೆಕ್ಯುರಿಟಿಯವನ ದನಿ ಬಂತು. "ಯೆಸ್ ಮ್ಯಾಮ್, ಏನು ತೊಂದರೆ?"

"ಅಲಾರಂ ಹೊಡೀತಾ ಇದೆ. ನಾನು ಒಂಬತ್ತನೇ ಮಹಡಿಯಲ್ಲಿದ್ದೇನೆ. ಬೇಗ ಇಳಿಯೋಕೆ ಆಗಲ್ಲ."

ಅವನು ಬಹಳ ಮರ್ಯಾದೆಯಿಂದ ಹೇಳಿದ: "ಮ್ಯಾಮ್, ಈಗ ಮಾತಾಡೋಕೆ ಆಗಲ್ಲ. ಅಲಾರಂ ಹೊಡೀತಾ ಇದೆ, ನಾವು ಹೊರಗೆ ಹೋಗ್ತಾ ಇದೀವಿ."

ನನಗೆ ಗೊತ್ತುಮಾಡಿದ ಜೊತೆಗಾರ

ನಾಲ್ಕು ವರ್ಷದ ನಂತರ ರೆಸ್ಟನ್‌ನಲ್ಲಿ ಐದನೇ ಮಹಡಿ. ಅಲ್ಲಿಯ ಎಚ್‌ಆರ್‌ನವಳು ಮೊದಲ ವಾರವೇ ನನ್ನನ್ನು ಕರೆದು, "ನಿಮಗೆ ಕೆಳಗಡೆ, ಪಾರ್ಸೆಲ್ ರೂಮಿನ ಪಕ್ಕ ಒಂದು ಡೆಸ್ಕ್ ಕೊಟ್ಟರೆ ಹೇಗೆ?" ಅಂದಳು.

"ನನ್ನ ಟೀಮ್ ಐದನೇ ಮಹಡಿಯಲ್ಲಿದೆ," ಅಂದೆ.

"ನಿಮ್ಮ ಸುರಕ್ಷತೆಗೋಸ್ಕರ ಹೇಳಿದೆ."

"ಹಾಗಾದ್ರೆ ಟೀಮನ್ನೂ ಕೆಳಗೆ ಕಳಿಸಿ."

ಟೀಮ್ ಕೆಳಗೆ ಬರಲಿಲ್ಲ. ಬದಲಿಗೆ ನನಗೆ ಒಬ್ಬ ಜೊತೆಗಾರನನ್ನು ಗೊತ್ತುಮಾಡಿದರು. ಅಲಾರಂ ಹೊಡೆದರೆ ನನ್ನ ಜೊತೆಗಿದ್ದು ಕೆಳಗೆ ತಲುಪಿಸುವುದು ಅವನ ಜವಾಬ್ದಾರಿ. ಮೈಸೂರಿನ ಹುಡುಗ, ವೀಸಾದ ಮೇಲೆ ಹೊಸದಾಗಿ ಬಂದವನು, ಬಲು ವಿನಯ. ಅವನನ್ನು ಕಂಡರೆ ನನಗೂ ಅಕ್ಕರೆ. ಡ್ರಿಲ್ ದಿನ ಅಲಾರಂ ಹೊಡೆದದ್ದೇ ತಡ, ಓಡಿ ಬಂದ.

"ಆಂಟಿ, ಲ್ಯಾಪ್‌ಟಾಪ್ ಕೊಡಿ, ಭಾರ ಆಗುತ್ತೆ."

ಕೊಟ್ಟೆ.

"ಆ ಬ್ಯಾಗೂ ಕೊಡಿ. ಜಾಕೆಟ್ಟೂ ಕೊಡಿ, ಹೊರಗೆ ಹೋದ್ಮೇಲೆ ಹಾಕ್ಕೊಳೋರಂತೆ. ಟಿಫಿನ್ ಬಾಕ್ಸ್ ಇದೇನಾ?"

ಎಲ್ಲಾ ಕೊಟ್ಟೆ. ಮೆಟ್ಟಿಲ ಹತ್ತಿರ ಎರಡು ಕೈಯಲ್ಲೂ ಕಂಬಿ ಹಿಡಿಯೋಣವೆಂದು ಕೋಲನ್ನು ಗೋಡೆಗೆ ಒರಗಿಸಿದೆ. "ಇದೂ ಕೊಡಿ ಆಂಟಿ, ಯಾರಾದ್ರೂ ಎಡವಿಬಿಟ್ಟಾರು," ಅಂದವನೇ ಕೋಲನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡ. ಹಿಂದಿನಿಂದ ಜನ ಬಂತು. ಜನ ಅವನನ್ನು ತಳ್ಳಿತು. ಅವನು ಹೋಗಿಬಿಟ್ಟ.

ಕಂಬಿ ಹಿಡಿದು ಹೇಗೋ ಕೆಳಗಿನವರೆಗೆ ಬಂದೆ. ಅಲ್ಲಿಂದ ಬಾಗಿಲಿಗೆ ಕಂಬಿ ಇಲ್ಲ. ಒಂದು ಹೂಕುಂಡವನ್ನು ಅಪ್ಪಿಕೊಂಡು ನಿಂತೆ. ಗಾಜಿನಾಚೆ ಪಾರ್ಕಿಂಗ್ ಲಾಟಿನಲ್ಲಿ ಅವನು ನನ್ನ ಇಡೀ ಸಂಸಾರವನ್ನು ಹೊತ್ತುಕೊಂಡು ನಿಂತದ್ದು ಕಾಣಿಸುತ್ತಿತ್ತು. ಮ್ಯಾನೇಜರ್ ಅವನನ್ನು ವಿಚಾರಿಸಿಕೊಂಡದ್ದನ್ನು ಆಮೇಲೆ ಬೇರೆಯವರು ಹೇಳಿದರು.

"ಅವರದ್ದೆಲ್ಲ ಸೇಫಾಗಿ ಬಂತಾ?"

"ಎಲ್ಲಾ ಬಂತು ಸರ್. ಅವರೊಬ್ಬರು ಬರಬೇಕು."

ದಾಖಲೆ ವೇಗ

ಅದೇ ಆಫೀಸಿನಲ್ಲಿ ಮುಂದೆ ಒಂದು ವಿಚಿತ್ರ ಶುರುವಾಯಿತು. ಆರಾರು ತಿಂಗಳಿಗೊಮ್ಮೆ ನನಗೆ ಮ್ಯಾನೇಜರಿಂದ ಒಂದು ಸಿಹಿಯಾದ ಈಮೇಲ್ ಬರುತ್ತಿತ್ತು: "ನೀವು ಬಹಳ ದುಡಿಯುತ್ತಿದ್ದೀರಿ. ಗುರುವಾರ ಮನೆಯಿಂದಲೇ ಕೆಲಸ ಮಾಡಿ." ನನ್ನ ಶ್ರಮವನ್ನು ಒಬ್ಬರಾದರೂ ಗುರುತಿಸಿದರಲ್ಲ ಎಂದು ಆ ಗುರುವಾರಗಳಲ್ಲಿ ಮನೆಯಲ್ಲಿ ರೊಟ್ಟಿ ಬಡಿದುಕೊಂಡು ತಿಂದು ಸಂತೋಷವಾಗಿದ್ದೆ.

ಒಂದು ದಿನ ಎಲ್ಲರನ್ನೂ ಸೇರಿಸಿ, ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಗೆ ಒಂದು ಫಲಕ ಕೊಟ್ಟರು. ಆತ ಹೆಮ್ಮೆಯಿಂದ ಭಾಷಣ ಮಾಡಿದ: ಈಚಿನ ಡ್ರಿಲ್‌ಗಳಲ್ಲಿ ನಮ್ಮ ಮಹಡಿ ಇಡೀ ಕಟ್ಟಡದಲ್ಲೇ ಎಲ್ಲರಿಗಿಂತ ಬೇಗ ಖಾಲಿಯಾಗುತ್ತಿದೆಯಂತೆ. ಡ್ರಿಲ್‌ಗಳು ನಡೆದದ್ದೆಲ್ಲ ಗುರುವಾರಗಳಲ್ಲಿ. ನಾನು ಕೇಕಿನ ತಟ್ಟೆ ಕೆಳಗಿಟ್ಟು ಫೋನಿನಲ್ಲಿ ಆ ಸಿಹಿ ಈಮೇಲ್‌ಗಳನ್ನು ತೆಗೆದು ನೋಡಿದೆ: ಅವೇ ಗುರುವಾರಗಳು.

ಕಾರ್ಯಕ್ರಮ ಮುಗಿದ ಮೇಲೆ ಅವನ ಹತ್ತಿರ ಹೋಗಿ ಹೇಳಿದೆ: "ಒಂದು ಉಪಕಾರ ಮಾಡಿ. ನಿಜವಾದ ಬೆಂಕಿ ಬೀಳೋದಿದ್ರೂ ಹಿಂದಿನ ದಿನ ನನಗೊಂದು ಈಮೇಲ್ ಹಾಕಿಬಿಡಿ."

ಅವನು ನಗುತ್ತಾನೆ, ಇಲ್ಲವೇ ನಾಚುತ್ತಾನೆ ಅಂದುಕೊಂಡಿದ್ದೆ. ಅವನು ಗಂಭೀರವಾಗಿ ತಲೆಯಾಡಿಸಿ, "ಖಂಡಿತ. ಬೆಳಿಗ್ಗೆ ಹಾಕಿದ್ರೆ ಸಾಕಾ, ಸಂಜೆ ಹಾಕಲಾ?" ಅಂದ.

ರಾಲಿಯ ಕುರ್ಚಿ

ಆಮೇಲೆ ರಾಲಿಗೆ ಬಂದೆ. ಆರನೇ ಮಹಡಿ. ಇಲ್ಲಿಯವರು ಒಳ್ಳೆಯ ಜನ, ನನಗಾಗಿ ಒಂದು ಕುರ್ಚಿಯನ್ನೇ ಕೊಂಡರು. ಮಡಚಿ ಗೋಡೆಗೆ ನೇತುಹಾಕುವಂಥದ್ದು, ಕೆಳಗೆ ಚಕ್ರ, ಹಿಂದೆ ಮೆಟ್ಟಿಲ ಮೇಲೆ ಜಾರುವ ರಬ್ಬರ್ ಪಟ್ಟಿ, ಎದೆಗೂ ಹಣೆಗೂ ಬೆಲ್ಟು. ಕೂತವರನ್ನು ಬಿಗಿದು ಕಟ್ಟಿ ಮೆಟ್ಟಿಲ ಮೇಲೆ ಜಾರಿಸಿಕೊಂಡು ಇಳಿಸಬಹುದು.

"ಒಂದ್ಸಲ ಕೂತು ಟ್ರೈ ಮಾಡಿ," ಅಂದರು ಮ್ಯಾನೇಜರ್, ಎತ್ತರದ ಅಮೆರಿಕನ್.

"ನಾನು ನಡೆದೇ ಇಳೀತೀನಿ," ಅಂದೆ. ಎರಡು ವರ್ಷ ಅದರಲ್ಲಿ ಕೂರಲಿಲ್ಲ. ಬೇರೆಯವರೆಲ್ಲ ಕೂತರು. ಬೆಂಗಳೂರಿನ ಒಬ್ಬರು ಅದರಲ್ಲಿ ಎರಡು ಮಹಡಿ ಇಳಿದು, "ಮೇಡಂ, ಸೂಪರಾಗಿದೆ, ಇನ್ನೊಂದ್ ರೌಂಡ್ ಹೋಗ್ಲಾ?" ಅಂತ ನನ್ನನ್ನೇ ಕೇಳಿದರು.

ಆ ವರ್ಷ ಆಯುಧಪೂಜೆ ಕೆಲಸದ ದಿನವೇ ಬಂತು. ನಮ್ಮ ಟೀಮಿನಲ್ಲಿ ಅರ್ಧಕ್ಕರ್ಧ ಕನ್ನಡದವರು. ಕಂಪ್ಯೂಟರುಗಳಿಗೆ ಕುಂಕುಮ ಇಟ್ಟರು, ಪ್ರಿಂಟರಿಗೆ ಹೂವು ಮುಡಿಸಿದರು. ಅದೇ ಬೆಂಗಳೂರಿನವರಿಗೆ ಗೋಡೆಯ ಮೇಲಿನ ಕುರ್ಚಿ ಕಣ್ಣಿಗೆ ಬಿತ್ತು.

"ಇದಕ್ಕೆ ಚಕ್ರ ಇದೆಯಲ್ರೀ. ಚಕ್ರ ಇದ್ದಮೇಲೆ ವಾಹನ ತಾನೇ?"

ಕುರ್ಚಿಯನ್ನು ಕೆಳಗಿಳಿಸಿ, ಬಿಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ದಪ್ಪ ಚೆಂಡುಹೂವಿನ ಹಾರ ಹಾಕಿದರು. ಅಲ್ಲಿಯವರೆಗೂ ಎಲ್ಲ ಬ್ಯಾಟರಿ ದೀಪದಲ್ಲೇ ನಡೆದಿತ್ತು. "ಎರಡೇ ಸೆಕೆಂಡು, ಏನೂ ಆಗಲ್ಲ," ಅಂತ ಕುರ್ಚಿಗೆ ಮಾತ್ರ ಕರ್ಪೂರದ ಆರತಿ ಎತ್ತಿದರು. ನೇರ ಮೇಲುಗಡೆ ಹೊಗೆ ಪತ್ತೆ ಹಚ್ಚುವ ಯಂತ್ರವಿತ್ತು.

ಅಲಾರಂ ಹೊಡೆಯಿತು. ಲಿಫ್ಟ್ ನಿಂತಿತು.

"ಇದು ಬರೀ ಕರ್ಪೂರ. ನಾನು ಇಲ್ಲೇ ಇರ್ತೀನಿ," ಅಂದೆ.

"ರೂಲ್ ಅಂದ್ರೆ ರೂಲ್. ಎಲ್ಲರೂ ಇಳೀಬೇಕು," ಅಂದರು ಮ್ಯಾನೇಜರ್.

ಸರಿ, ಕಂಬಿ ಹಿಡಿದು ಇಳಿಯಲು ಶುರುಮಾಡಿದೆ. ಅರ್ಧ ಮಹಡಿ ಇಳಿದು ತಿರುಗಿ ನೋಡಿದರೆ ನನ್ನ ಹಿಂದೆ ನಮ್ಮ ಟೀಮಿನ ವಿಜಯಪುರದ ಹುಡುಗಿ, ಏಳು ತಿಂಗಳ ಬಸುರಿ, ಎರಡು ಕೈಯಲ್ಲಿ ಸೊಂಟ ಹಿಡಿದು ನಿಂತಿದ್ದಾಳೆ.

"ನೀ ಮುಂದ ಹೋಗವಾ," ಅಂದೆ.

"ನಿಮ್ಮನ್ನ ಬಿಟ್ಟು ನಾ ಹೋಗೂದಿಲ್ರಿ ಅಕ್ಕಾರ."

"ನಂದು ತಡ ಆಗತೈತಿ."

"ಆಗ್ಲಿ ಬಿಡ್ರಿ. ನಾನೂ ನಿಂದರತೀನಿ." ಹಾಗಂದವಳ ಮುಖ ಬೆವರಿತ್ತು. ಅಲಾರಂ ಕಿವಿ ಹರಿಯುತ್ತಿತ್ತು. ನನ್ನ ಜನ್ಮದಲ್ಲಿ ನನಗಿಂತ ಹಟದವರನ್ನು ನಾನು ನೋಡಿದ್ದು ಅವತ್ತೇ. ನಾನು ನಡೆದೇ ಇಳಿದರೆ ಅವಳೂ ಅಷ್ಟು ಹೊತ್ತು ಆ ಮೆಟ್ಟಿಲ ಮೇಲೇ ನಿಲ್ಲುತ್ತಾಳೆ. ನಾನು ಗಟ್ಟಿಯಾಗಿ ಉಸಿರು ತೆಗೆದುಕೊಂಡು ಮೇಲಕ್ಕೆ ಕೂಗಿದೆ: "ಕುರ್ಚಿ ತನ್ನಿ."

ತಂದರು. ಕೂರಿಸಿ ಬೆಲ್ಟು ಬಿಗಿದರು, ಎದೆಗೊಂದು, ಹಣೆಗೊಂದು. ಕುರ್ಚಿಯ ಮೇಲಿದ್ದ ಪೂಜೆಯ ಹಾರ ನೆಲಕ್ಕೆ ಬೀಳಬಾರದೆಂದು ಯಾರೋ ಅದನ್ನು ನನ್ನ ಕೊರಳಿಗೇ ಹಾಕಿದರು. ಗಡಿಬಿಡಿಯಲ್ಲಿ ಜಾರಿಸುವ ಪಟ್ಟಿ ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಮ್ಯಾನೇಜರ್ ಮತ್ತು ಇನ್ನು ಮೂವರು ಕುರ್ಚಿಯನ್ನೇ ಎತ್ತಿದರು. ನಾನು ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕೂತೆ. ಬಾಯಿ ತೆರೆದರೆ ಬೈದುಬಿಡುತ್ತೇನೆಂಬ ಭಯ.

ಹೊರಗೆ ಬರುವಾಗ ಒಬ್ಬ ಅಗ್ನಿಶಾಮಕದವನು ಹೆಲ್ಮೆಟ್ ತೆಗೆದು, ದನಿ ತಗ್ಗಿಸಿ, "ಇವರು ನಿಮ್ಮ ಧರ್ಮಗುರುಗಳಾ?" ಅಂತ ಕೇಳಿದನಂತೆ. ಬೆಂಗಳೂರಿನವರು, "ಅಲ್ಲ, ಟೆಸ್ಟಿಂಗ್," ಅಂದರಂತೆ.

ಆ ಹೊತ್ತಿಗೆ ಯಾರೋ ಫೋಟೋ ತೆಗೆದು ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ಹಾಕಿಬಿಟ್ಟರು. ಅದು ಸೆಂಟರ್‌ವಿಲ್‌ನಲ್ಲಿ ಡಾಕ್ಟರ್ ಆಗಿರುವ ನನ್ನ ಕಾಕಾನ ಮಗನಿಗೆ ತಲುಪಿತು. ಅವನು ಪೇಶಂಟ್ ನೋಡುವ ಅವಸರದಲ್ಲಿ, ಹಬ್ಬದ ಶುಭಾಶಯವೆಂದು ಒಂದು ಕೈಮುಗಿದ ಚಿತ್ರ ಮಾತ್ರ ಸೇರಿಸಿ ನಮ್ಮ ಮನೆಯವರ ಗುಂಪಿಗೆ ಕಳಿಸಿ ಫೋನ್ ಆಫ್ ಮಾಡಿದ.

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ, ಆಚೀಚೆ ವಾಲದಂತೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹಾರ ಹಾಕಿ, ಕೂತ ಹಾಗೇ ಹೊತ್ತುಕೊಂಡು ಹೋಗುತ್ತಾರೆ. ವಿಭೂತಿಯಂತೂ ನಾನು ದಿನಾ ಹಚ್ಚುತ್ತೇನೆ, ಬೆಲ್ಟಿನ ಕೆಳಗಿಂದಲೂ ಅದು ಕಾಣುತ್ತಿತ್ತು.

ಮತ್ತೆ ಒಳಗೆ ಬಿಡಲೆಂದು ಪಾರ್ಕಿಂಗ್ ಲಾಟಿನಲ್ಲಿ ಅರ್ಧ ಗಂಟೆಯಿಂದ ಕಾಯುತ್ತಿರುವಾಗ ಗದಗಿನಿಂದ ಫೋನ್ ಬಂತು.

"ಹಲೋ," ಅಂದೆ.

ಅತ್ತ ಕಡೆ ಬಹಳ ಮಂದಿ ಅಳುವ ಸದ್ದು. ಅದರ ನಡುವೆ ನಮ್ಮಕ್ಕನ ದನಿ: "ಯಾರ್ ಮಾತಾಡೋದ್ರಿ?"

"ನಾನ ಅಕ್ಕಾ."

ಫೋನ್ ನೆಲಕ್ಕೆ ಬಿತ್ತು. ಯಾರೋ ನೀರು ತರಲು ಓಡಿದರು. ಕಡೆಗೆ ಕಾಕಾ ಫೋನ್ ಎತ್ತಿಕೊಂಡ.

"ಖರೇನ ಅದೀಯೇನಬೇ?"

"ಅದೀನಿ ಕಾಕಾ. ಲಿಫ್ಟ್ ನಿಂತಿತ್ತು, ಅದಕ್ಕ ಕುರ್ಚ್ಯಾಗ ಇಳಿಸ್ಯಾರ." ಹೇಳುತ್ತಾ ಹೇಳುತ್ತಾ ನನಗೆ ಸಿಟ್ಟು ಬಂತು. "ಒಂದು ಹಾರ, ಒಂದು ವಿಭೂತಿ ನೋಡಿ ಅಳಾಕ ಕುಂತ್ರೇನು? ಯಾರರ ಒಬ್ಬರು ಮೊದಲು ಫೋನ್ ಮಾಡಿ ಕೇಳಬಾರದಾ?"

ಕಾಕಾ ಮೂಗು ಒರೆಸಿಕೊಂಡ.

"ಹಾರಕ್ಕ, ವಿಭೂತಿಗೆ ನಾವು ನಂಬಿದ್ದಿಲ್ಲಬೇ. ಫೋಟೋದಾಗ ನಾಕು ಮಂದಿ ನಿನ್ನ ಎತ್ತಿಕೊಂಡು ಹೊಂಟಿದ್ರು, ನೀ ಸುಮ್ಮನ ಕುಂತಿದ್ದಿ. ಅದನ್ನ ನೋಡಿದ ಮ್ಯಾಲೆ ಮತ್ತೇನ ಕೇಳೂದಿತ್ತು?"