ಗಂಟೆ ಹೊಡೆಯುವವನ ಪರೀಕ್ಷೆ

ಮಾದನಹಿಪ್ಪರಗಾದ ಹೈಸ್ಕೂಲಿನ ಕಾರಕೂನರು ನಿವೃತ್ತರಾದದ್ದೇ ಜವಾನ ಚಂದಪ್ಪನ ತಲೆನೋವಿಗೆ ಕಾರಣವಾಯಿತು. ಹಾಜರಿ ಪುಸ್ತಕ, ಟಿ.ಸಿ., ಆಳಂದದ ಕಚೇರಿಗೆ ಹೋಗುವ ಕಾಗದಪತ್ರ ಎಲ್ಲವನ್ನೂ ಹತ್ತು ವರ್ಷದಿಂದ ಬರೆಯುತ್ತಿದ್ದವನು ಅವನೇ. ಆದರೆ ಆ ಕುರ್ಚಿಯಲ್ಲಿ ಕೂರಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕಂತೆ! ಅವನಿಗೆ ಗಣಿತ ಆರು ಸಲ ಕೈಕೊಟ್ಟಿತ್ತು. ಕಸ ಗುಡಿಸುವ ಹೀರಾಬಾಯಿಗೂ ಅದೊಂದೇ ಬಾಕಿ. ಇಬ್ಬರೂ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದರು. ಇಬ್ಬರೂ ಪಾಸಾದರೆ ಹೆಚ್ಚು ಅಂಕದವರಿಗೆ ಕುರ್ಚಿ ಎಂದಿತು ಆಡಳಿತ ಮಂಡಳಿ.

ಹೀರಾಬಾಯಿ ಬರೆಯುವುದು ಬಲು ನಿಧಾನ. ಆಕೆಯೆಲ್ಲಿ ಪಾಸಾಗುತ್ತಾಳೆ ಎಂದು ಚಂದಪ್ಪ ನಿಶ್ಚಿಂತನಾಗಿದ್ದ.

ಪರೀಕ್ಷೆ ಅದೇ ಶಾಲೆಯಲ್ಲಿ. ಅವತ್ತೊಂದು ದಿನ ರಜೆ ಕೇಳಿದರೆ ಹೆಡ್‌ಮಾಸ್ತರ ದೌಲತರಾಯರು ರೇಗಿದರು.

“ಗಂಟಿ ನಮ್ಮಪ್ಪ ಬಂದು ಹೊಡೀತಾನೇನು? ಬರಕೋತ ಹೊಡಿ, ಹೊಡಕೋತ ಬರಿ.”

ಹತ್ತೂವರೆಗೆ ಗಂಟೆ ಹೊಡೆದು ಓಡಿಬಂದು ಕೂತ. ಪ್ರಶ್ನೆಪತ್ರಿಕೆ ಬಿಡಿಸುವಷ್ಟರಲ್ಲೇ ಮೇಲ್ವಿಚಾರಕ ಗೌಸಮೊಹಿದ್ದೀನ ಮಾಸ್ತರರು ಕರೆದರು.

“ಚಂದಪ್ಪ, ನೀರು!”

“ನಾನೂ ಪರೀಕ್ಷಾ ಬರ್ಯಾಕತ್ತೇನ್ರಿ ಸಾಹೇಬ್ರ.”

“ಗೊತ್ತದಪಾ. ಹಂಗಾರ ಒಂದೇ ಕೊಡ ತಾ.”

ನೀರು ತಂದ. ಅಲುಗುವ ಬೆಂಚಿಗೆ ಕಲ್ಲು ಇಟ್ಟ. ಬಿಸಿಲಿಗೆ ತಲೆತಿರುಗಿದ ಹುಡುಗಿಗೆ ಗಾಳಿ ಹಾಕಿದ. ಅರ್ಧ ತಾಸಿಗೊಮ್ಮೆ ಎದ್ದು ಗಂಟೆ ಹೊಡೆದ. ತಿರುಗಿ ಬಂದಾಗಲೆಲ್ಲ, ಅರ್ಧಕ್ಕೆ ಬಿಟ್ಟ ಲೆಕ್ಕ ಯಾರದೋ ಮನೆಗೆ ಬಂದ ನೆಂಟನಂತೆ ಅಪರಿಚಿತವಾಗಿರುತ್ತಿತ್ತು.

ಒಂದೂವರೆ ಆಯಿತು, ಕೊನೆಯ ಗಂಟೆ ಹೊಡೆಯುವ ಹೊತ್ತು. ಇನ್ನೆರಡು ಲೆಕ್ಕ ಉಳಿದಿದ್ದವು. ಅವಿಲ್ಲದೆ ಪಾಸಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ನಿಮಿಷ ತಡವಾಗಿ ಗಂಟೆ ಹೊಡೆದವನಲ್ಲ ಚಂದಪ್ಪ. ಆದರೆ ಅವತ್ತು ಅವನಿಗೆ ಸಾಕುಸಾಕಾಗಿತ್ತು. ಹಾಳಾಗಿ ಹೋಗಲಿ ಎಂದು ಏಳಲೇ ಇಲ್ಲ.

ಗೌಸಮೊಹಿದ್ದೀನರು ಕೈಗಡಿಯಾರ ಅಲುಗಾಡಿಸಿದರು, ಕಿವಿಗೆ ಹಿಡಿದರು. “ನಂದೇ ಮುಂದ ಓಡಾಕತ್ತದ ನೋಡ್ರಿ. ನಮ್ಮ ಚಂದಪ್ಪ ಗಂಟಿ ಹೊಡ್ದಿಲ್ಲಂದ್ರ ಟೈಮ್ ಆಗಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಚಂದಪ್ಪನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಆದರೂ ತಲೆ ಎತ್ತದೆ ಬರೆದ. ಇಪ್ಪತ್ತು ನಿಮಿಷದ ಮೇಲೆ ಎದ್ದು ಕೊನೆಯ ಗಂಟೆ ಹೊಡೆದ.

ಫಲಿತಾಂಶ ಬಂತು. ಮೂವತ್ತಾರು ಅಂಕ, ಪಾಸು! ಚಂದಪ್ಪ ಊರಿಗೆಲ್ಲ ಪೇಡೆ ಹಂಚಿದ. ಹೀರಾಬಾಯಿಯೂ ಪೇಡೆ ಹಿಡಿದು ಎದುರಿಗೆ ಬಂದಳು.

“ಅಣ್ಣಾ, ನಿನ್ನ ಉಪಕಾರ ಸಾಯೋತನ ಮರಿಯಂಗಿಲ್ಲ. ಒಂದೂವರಿಗೆ ನನ್ನವು ಎಲ್ಲಾ ಅರ್ಧಂಬರ್ಧ ಇದ್ದವು. ನೀ ಗಂಟಿ ಹೊಡೀಲಿಲ್ಲ, ಸಾವಕಾಶ ಕುಂತು ಮುಗಿಸಿದೆ.”

“ಎಷ್ಟು ಬಂತವ್ವಾ?”

“ಮೂವತ್ತೇಳು.”

ಚಂದಪ್ಪನ ಬಾಯಲ್ಲಿದ್ದ ಪೇಡೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಸೋಮವಾರ ಕಾರಕೂನರ ಕುರ್ಚಿಯಲ್ಲಿ ಹೀರಾಬಾಯಿ ಕೂತಿದ್ದಳು. ಮುಂದೆ ಟಿ.ಸಿ. ಪುಸ್ತಕ ತೆರೆದಿತ್ತು.

“ಅಣ್ಣಾ, ಟೈಮ್ ಆತು. ಗಂಟಿ ಹೊಡ್ದು ಬಾ,” ಎಂದಳು. “ಬಂದು ಇದನ್ನ ಹೆಂಗ ಬರೀಬೇಕು, ಚೂರು ತೋರ್ಸು.”