ಅರ್ಧ ವೇಗದ ಇಂಗ್ಲಿಷ್

ಎಲ್ಲದಕ್ಕೂ ಕಾರಣ ವಿಡಿಯೊದ ಮೂಲೆಯಲ್ಲಿದ್ದ ಒಂದು ಬಟನ್. ಇಂಗ್ಲಿಷ್ ಕಲಿಸುವ ವಿದೇಶಿ ಮೇಷ್ಟ್ರು ವಿಪರೀತ ಓಡುತ್ತಾರೆಂದು ಬಸವರಾಜರು ಅದನ್ನು ಒತ್ತಿ ವೇಗವನ್ನು ಅರ್ಧಕ್ಕೆ ಇಳಿಸಿದ್ದರು. ಮತ್ತೆ ಏರಿಸಬೇಕು ಅನ್ನಿಸಲೇ ಇಲ್ಲ. ಮೂರು ತಿಂಗಳು ಕೇಳಿ ಕೇಳಿ, ಇಂಗ್ಲಿಷಿನ ಗತ್ತೆಂದರೆ ಇದೇ ಎಂದು ಖಾತ್ರಿಯಾಯಿತು. ಉಚ್ಚಾರ ತಿದ್ದುವ ಆ್ಯಪ್ ಕೂಡ ಅವರ ಒಂದೊಂದು ಪದಕ್ಕೂ ತೊಂಬತ್ತಾರು ಅಂಕ ಕೊಡುತ್ತಿತ್ತು. ಗದಗಿನ ಶಾಲೆಯಲ್ಲಿ ಮೂವತ್ತೈದು ದಾಟದ ಮನುಷ್ಯನಿಗೆ ಎದೆ ಉಬ್ಬದೆ ಇರುತ್ತದೆಯೇ?

ಮಕರಪುರದ ಅವರ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಗೆ ಇವತ್ತು ಡೆನ್ಮಾರ್ಕಿನ ಇಂಜಿನಿಯರ್ ಮೇಡಂ ಬರುವವರಿದ್ದರು. ಟೆಸ್ಟಿಂಗ್ ವಿಭಾಗವನ್ನು ಇಂಗ್ಲಿಷಿನಲ್ಲಿ ವಿವರಿಸಿದವರೇ ಮುಂದಿನ ಮುಖ್ಯಸ್ಥರು ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು. ಇಂಗ್ಲಿಷ್ ಬರದೆಂದು ಆ ಕುರ್ಚಿ ಎರಡು ಸಲ ಬಸವರಾಜರ ಕೈತಪ್ಪಿತ್ತು.

ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು, "ಗು...ಡ್... ಮಾ...ರ್ನಿಂಗ್... ಮ್ಯಾ...ಡಮ್" ಎಂದು ಕೊನೆಯ ತಾಲೀಮು ಮಾಡಿದರು. ಪಕ್ಕದ ಮನೆಯ ಗುಜರಾತಿ ಹೆಂಗಸು ಪೂರ್ವಿಬೆನ್ ಬಟ್ಟೆ ಒಣಹಾಕುವುದನ್ನು ಬಿಟ್ಟು ಕೆಳಗಿನ ಮನೆಯ ಸತ್ಯಪ್ರಕಾಶನ ಬಳಿಗೆ ಓಡಿದರು. ಅವನು ಮೈಸೂರಿನ ಹುಡುಗ, ಬಸವರಾಜರ ಕೈಕೆಳಗೇ ಕೆಲಸ ಮಾಡುವವನು.

ಬೈಕ್ ಹತ್ತುವಾಗ ಸತ್ಯಪ್ರಕಾಶ ಅವರ ಮುಖವನ್ನೇ ದಿಟ್ಟಿಸಿದ. "ಸರ್, ಒಂದ್ಸಲ ಎರಡೂ ಕೈ ಮೇಲೆತ್ತಿ ನೋಡೋಣ."

"ಯಾಕಪಾ?"

"ನಿಮ್ಮ ನಾಲಿಗೆ ಎಳೀತಿದೆ ಅಂತ ಪೂರ್ವಿಬೆನ್ ಹೇಳಿದ್ರು. ಅವರ ಮಾವನಿಗೆ ಪಾರ್ಶ್ವವಾಯು ಬಂದಾಗ್ಲೂ ಹೀಗೇ ಶುರುವಾಗಿತ್ತಂತೆ."

"ಅದು ನಾಲಿಗಿ ಎಳೆಯೂದಲ್ಲೋ, ಉಚ್ಚಾರ. ಹನ್ನೊಂದಕ್ಕ ಬಂದು ಕೇಳು, ಗೊತ್ತಾಗ್ತದ" ಎಂದು ಬಸವರಾಜರು ಹೆಲ್ಮೆಟ್ ಹಾಕಿಕೊಂಡರು.

ಹನ್ನೊಂದಕ್ಕೆ ಮೇಡಂ ಬಂದರು. "ವೆ...ಲ್...ಕಮ್... ಟು... ಅ...ವರ್..." ಎಂದು ಬಸವರಾಜರು ಶುರುಮಾಡಿದರು. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಮೇಡಂ ಮುಖ ಬಿಳಿಚಿಕೊಂಡಿತು. ಬಸವರಾಜರ ಕೈ ಹಿಡಿದು ನಾಡಿ ನೋಡಿ, ಕುರ್ಚಿ ಎಳೆದು ಕೂರಿಸಿದರು. ಇದು ಮರ್ಯಾದೆಯೆಂದೇ ತಿಳಿದ ಬಸವರಾಜರು ಕುಳಿತು, ಇನ್ನಷ್ಟು ನಿಧಾನವಾಗಿ ಮುಂದುವರಿಸಿದರು.

"ನಾನು ಬೆಳಿಗ್ಗೆನೇ ಅಂದ್ಕೊಂಡೆ" ಎನ್ನುತ್ತ ಸತ್ಯಪ್ರಕಾಶ ಆಂಬುಲೆನ್ಸಿಗೆ ಫೋನ್ ಮಾಡಿ, ಸ್ಟ್ರೆಚರ್ ತಂದು ಅವರನ್ನು ಮಲಗಿಸಿದ. "ಐ... ಆ್ಯಮ್... ಫೈ...ನ್" ಎಂದಷ್ಟೂ ಪಟ್ಟಿಗಳು ಬಿಗಿಯಾದವು. ಕನ್ನಡದಲ್ಲಿ ಎರಡು ಮಾತು ಬೈದಿದ್ದರೆ ಬಚಾವಾಗುತ್ತಿದ್ದರು. ಡೆನ್ಮಾರ್ಕಿನವರ ಎದುರು ಭಾಷೆ ಬದಲಿಸಲು ಸ್ವಾಭಿಮಾನ ಒಪ್ಪಲಿಲ್ಲ. ಉಳಿದದ್ದನ್ನು ನೀನೇ ವಿವರಿಸು ಎಂದು ಮ್ಯಾನೇಜರ್ ಸತ್ಯಪ್ರಕಾಶನಿಗೆ ಹೇಳಿದರು.

ಮೇಡಂ ಬಸವರಾಜರ ಮನೆಗೆ ಫೋನ್ ಮಾಡಿಸಿ, ಸ್ಪೀಕರ್ ಹಾಕಿ ತಾವೇ ಮಾತಾಡಿದರು. ಹೆಂಡತಿ ಪಾರ್ವತಿ ನಿಜ ಹೇಳಿ ತಮ್ಮನ್ನು ಬಿಡಿಸುತ್ತಾಳೆಂದು ಬಸವರಾಜರಿಗೆ ಜೀವ ಬಂತು. ಆಕೆಯೂ ಮೂರು ತಿಂಗಳಿಂದ ರೊಟ್ಟಿ ಬಡಿಯುತ್ತ ಅದೇ ವಿಡಿಯೊ ಕೇಳಿಸಿಕೊಂಡವಳು. ವಿದೇಶಿ ದನಿ ಕಿವಿಗೆ ಬಿದ್ದದ್ದೇ ತಡ, ಗಂಟಲು ಸರಿಮಾಡಿಕೊಂಡಳು.

"ಹ...ಲೋ... ಮ್ಯಾ......ಡಮ್... ಹೌ...... ಆ......ರ್... ಯೂ......"

ಸ್ಟ್ರೆಚರ್ ಮೇಲಿದ್ದ ಬಸವರಾಜರ ಕಣ್ಣಲ್ಲಿ ಹೆಮ್ಮೆಯ ನೀರು ತುಂಬಿತು. ಹೆಂಡತಿಯ ಉಚ್ಚಾರ ತಮಗಿಂತ ಸೊಗಸಾಗಿತ್ತು.

ಮೇಡಂ ಗಾಬರಿಯಿಂದ ಮ್ಯಾನೇಜರ್ ಕಡೆ ತಿರುಗಿದರು. ಆಂಬುಲೆನ್ಸ್ ಮೊದಲು ಇವರ ಮನೆಗೆ ಹೋಗಲಿ, ಅಲ್ಲಿರುವವರ ಸ್ಥಿತಿ ಇದಕ್ಕಿಂತ ಗಂಭೀರವಾಗಿದೆ ಎಂದರು.